ಖಾಲಿ ಪ್ಲೇಯರ್, ತುಂಬಿದ ಪಟ್ಟಿ: ವಿಡಿಯೊ ಆ್ಯಪ್ ಬರೆಯುವವರ ಕೃತಿಸ್ವಾಮ್ಯ ಸಂಕಟ

2023ರ ಮೇ ತಿಂಗಳಲ್ಲಿ ಗೂಗಲ್ ಪ್ಲೇ ಸ್ಟೋರ್‌ನಿಂದ ‘ಡೌನ್‌ಲೋಡರ್’ ಎಂಬ ಆ್ಯಪ್ ಮಾಯವಾಯಿತು. ಟಿವಿಗೆ ಜೋಡಿಸುವ ಪೆಟ್ಟಿಗೆಗಳಲ್ಲಿ ಜಾಲತಾಣ ತೆರೆಯಲು, ಕಡತ ಇಳಿಸಿಕೊಳ್ಳಲು ಬಳಸುವ ಪುಟ್ಟ ಬ್ರೌಸರ್ ಅದು. ಅದರೊಳಗೆ ಒಂದು ಸಿನಿಮಾವೂ ಇರಲಿಲ್ಲ. ಇಸ್ರೇಲಿನ ಕೆಲವು ಟಿವಿ ಕಂಪನಿಗಳ ಪರವಾಗಿ ವಕೀಲರ ಸಂಸ್ಥೆಯೊಂದು ಕೊಟ್ಟ ದೂರಿನ ತಿರುಳು, ಈ ಆ್ಯಪ್ ಬಳಸಿ ಪೈರಸಿ ತಾಣವೊಂದನ್ನು ತೆರೆಯಬಹುದು ಎಂಬುದಷ್ಟೇ. ಆ ಮಾತು ಗೂಗಲ್‌ನ ಸ್ವಂತ ಕ್ರೋಮ್ ಬ್ರೌಸರ್‌ಗೂ ಅಷ್ಟೇ ಸಲ್ಲುತ್ತದೆ. ಆದರೂ ಡೆವಲಪರ್‌ನ ಮೊದಲ ಮನವಿ ತಿರಸ್ಕೃತವಾಯಿತು. ಆ್ಯಪ್ ಮರಳಿ ಬರುವ ಹೊತ್ತಿಗೆ ಸುಮಾರು ಮೂರು ವಾರ ಕಳೆದಿತ್ತು.

ಅದಕ್ಕೆ ಎರಡು ವರ್ಷ ಮೊದಲು, 2021ರ ಜುಲೈನಲ್ಲಿ, ಮಹಾರಾಷ್ಟ್ರ ಸೈಬರ್ ಪೊಲೀಸರು ಹೈದರಾಬಾದಿನಲ್ಲಿ ‘ಥೋಪ್ ಟಿವಿ’ ಆ್ಯಪ್‌ನ ರೂವಾರಿ ಎನ್ನಲಾದ ಯುವಕನೊಬ್ಬನನ್ನು ಬಂಧಿಸಿದರು. ಹಣ ಕೊಟ್ಟು ನೋಡಬೇಕಾದ ವಾಹಿನಿಗಳನ್ನೂ ಕ್ರಿಕೆಟ್ ಪಂದ್ಯಗಳನ್ನೂ ಅನುಮತಿಯಿಲ್ಲದೆ ಹರಿಸಲಾಗುತ್ತಿದೆ ಎಂಬುದು ಆರೋಪ. ಆ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇರಲಿಲ್ಲ. ನೇರವಾಗಿ ಫೋನಿಗೆ ಹಾಕಿಕೊಳ್ಳಬಹುದಾದ ಎಪಿಕೆ ಕಡತವಾಗಿ ಕೈಯಿಂದ ಕೈಗೆ ಹರಡಿತ್ತು. ಸ್ಟೋರ್‌ನ ಬಾಗಿಲು ತಪ್ಪಿಸಿಕೊಂಡ ಮಾತ್ರಕ್ಕೆ ಠಾಣೆಯ ಬಾಗಿಲು ತಪ್ಪುವುದಿಲ್ಲ.

ಈ ಎರಡು ತುದಿಗಳ ನಡುವೆ ನಮ್ಮ ಬಹುತೇಕ ಡೆವಲಪರ್‌ಗಳು ಓಡಾಡುತ್ತಿದ್ದಾರೆ. ಹಳೆಯ ಕನ್ನಡ ಚಿತ್ರಗಳ ಆ್ಯಪ್, ಯಕ್ಷಗಾನದ ಆ್ಯಪ್, ಲೈವ್ ಟಿವಿ ಆ್ಯಪ್, ಏನೂ ಇಲ್ಲದ ಬರೀ ಪ್ಲೇಯರ್. ಇವುಗಳನ್ನು ಬರೆಯುವವರಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ‘ವಿಡಿಯೊ ನನ್ನ ಸರ್ವರ್‌ನಲ್ಲಿ ಇಲ್ಲ, ಆದ್ದರಿಂದ ಹೊಣೆ ನನ್ನದಲ್ಲ’ ಎಂಬುದು ಒಂದು. ‘ದೂರು ಬಂದಾಗ ತೆಗೆದರಾಯಿತು’ ಎಂಬುದು ಇನ್ನೊಂದು. ಎರಡೂ ಅರ್ಧದಷ್ಟು ನಿಜ. ಉಳಿದರ್ಧದಲ್ಲಿ ಅಪಾಯವಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಪ್ರಕರಣಗಳಲ್ಲಿ ಡೆವಲಪರ್‌ನನ್ನು ಸಿಕ್ಕಿಸುವುದು ಕೋಡ್‌ಗಿಂತ ಹೆಚ್ಚಾಗಿ ಕೋಡ್‌ನ ಸುತ್ತ ಅವನೇ ಕೈಯಾರೆ ಬರೆದಿಟ್ಟ ಸಾಕ್ಷ್ಯ. ಆ್ಯಪ್‌ನ ಹೆಸರು, ವಿವರಣೆ, ಸ್ಕ್ರೀನ್‌ಶಾಟ್, ಮೊದಲೇ ತುಂಬಿಟ್ಟ ವಾಹಿನಿಗಳ ಪಟ್ಟಿ, ಜಾಹೀರಾತಿನಿಂದ ಬಂದ ಹಣ.

ಉಪಕರಣವೇ ಅಪರಾಧವಲ್ಲ ಎಂಬ ತತ್ವ ಹಳೆಯದು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೋನಿ ಕಂಪನಿಯ ವಿಡಿಯೊ ರೆಕಾರ್ಡರ್ ಬಗ್ಗೆ ಇದನ್ನೇ ಹೇಳಿತು. ನ್ಯಾಯಬದ್ಧ ಬಳಕೆ ಗಣನೀಯವಾಗಿ ಇರುವ ಯಂತ್ರವನ್ನು ಮಾರಿದ ಮಾತ್ರಕ್ಕೆ ಮಾರಿದವನು ಹೊಣೆಯಾಗುವುದಿಲ್ಲ ಎಂಬ ಆ ತೀರ್ಪು ಬಂದಿದ್ದು 5–4ರ ಕೂದಲೆಳೆಯ ಬಹುಮತದಲ್ಲಿ. ಡೆವಲಪರ್‌ಗಳು ಇಂದಿಗೂ ನೆಚ್ಚಿಕೊಳ್ಳುವುದು ಇದನ್ನೇ. ಆದರೆ 2005ರಲ್ಲಿ ಅದೇ ನ್ಯಾಯಾಲಯದ ಮುಂದೆ ಗ್ರಾಕ್‌ಸ್ಟರ್ ಎಂಬ ಕಡತ ಹಂಚಿಕೆಯ ತಂತ್ರಾಂಶ ಬಂತು. ಅದರ ಕಂಪನಿಯ ಸರ್ವರ್‌ನಲ್ಲೂ ಹಾಡುಗಳಿರಲಿಲ್ಲ. ನ್ಯಾಯಮೂರ್ತಿಗಳು ನೋಡಿದ್ದು ಬೇರೆಯದನ್ನು: ಮುಚ್ಚುವ ಹಂತಕ್ಕೆ ಬಂದಿದ್ದ ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೆ ಸೇವೆಯ ಗಿರಾಕಿಗಳನ್ನು ಸೆಳೆಯಲು ಹೂಡಿದ ಯೋಜನೆ, ಕಳ್ಳ ಪ್ರತಿಗಳನ್ನು ಸೋಸುವ ಯಾವ ಪ್ರಯತ್ನವೂ ಇಲ್ಲದಿರುವುದು, ಬಳಕೆ ಹೆಚ್ಚಿದಷ್ಟೂ ಹೆಚ್ಚುವ ಜಾಹೀರಾತು ಆದಾಯ. ಈ ಬಾರಿ ತೀರ್ಪು ಒಮ್ಮತದ್ದು, ಕಂಪನಿಯ ವಿರುದ್ಧ.

ಯುರೋಪಿನಲ್ಲಿ ಇದರ ಟಿವಿ ಆವೃತ್ತಿ 2017ರ ಏಪ್ರಿಲ್‌ನಲ್ಲಿ ನಡೆಯಿತು. ನೆದರ್ಲೆಂಡ್ಸ್‌ನ ವ್ಯಾಪಾರಿಯೊಬ್ಬ ‘ಫಿಲ್ಮ್‌ಸ್ಪೆಲರ್’ ಎಂಬ ಪೆಟ್ಟಿಗೆ ಮಾರುತ್ತಿದ್ದ. ಒಳಗಿದ್ದದ್ದು ಯಾರು ಬೇಕಾದರೂ ಪಡೆಯಬಹುದಾದ ಮುಕ್ತ ತಂತ್ರಾಂಶದ ಪ್ಲೇಯರ್. ಅದಕ್ಕೆ ಸೇರಿಸಿದ ಪ್ಲಗಿನ್‌ಗಳನ್ನು, ಅಂದರೆ ವಿಡಿಯೊ ಹುಡುಕಿಕೊಡುವ ಪುಟ್ಟ ಜೋಡಣೆ ತಂತ್ರಾಂಶಗಳನ್ನು, ಬರೆದವರೂ ಬೇರೆಯವರೇ, ಅವೂ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತಿದ್ದವು. ವ್ಯಾಪಾರಿ ಮಾಡಿದ್ದು ಅವುಗಳನ್ನು ಮೊದಲೇ ಕೂಡಿಸಿ, ಇನ್ನು ಸಿನಿಮಾ, ಕ್ರೀಡೆಗೆ ಹಣ ತೆರಬೇಕಿಲ್ಲ ಎಂಬ ಧಾಟಿಯಲ್ಲಿ ಜಾಹೀರಾತು ಕೊಟ್ಟಿದ್ದು. ಐರೋಪ್ಯ ನ್ಯಾಯಾಲಯಕ್ಕೆ ಅಷ್ಟು ಸಾಕಾಯಿತು. ಪರಿಣಾಮ ಏನೆಂದು ಪೂರ್ತಿ ತಿಳಿದೇ ಜನರಿಗೆ ದಾರಿ ತೋರಿಸಿದ್ದಾನೆ, ಆದ್ದರಿಂದ ಪೆಟ್ಟಿಗೆಯ ಮಾರಾಟವೇ ಕೃತಿಯನ್ನು ಸಾರ್ವಜನಿಕರಿಗೆ ತಲುಪಿಸುವ ಕ್ರಿಯೆ ಎಂದು ಅದು ಹೇಳಿತು. ಖಾಲಿ ಪ್ಲೇಯರ್‌ಗೂ ಪಟ್ಟಿ ತುಂಬಿದ ಪ್ಲೇಯರ್‌ಗೂ ಇರುವ ದೂರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ಸಾಕ್ಷ್ಯ ಕೋಡ್‌ನ ಒಳಗೂ ಅಡಗಿರಬಹುದು. ಯೂಟ್ಯೂಬ್‌ನಿಂದ ವಿಡಿಯೊ ಇಳಿಸಲು ಬಳಸುವ ‘ಯೂಟ್ಯೂಬ್-ಡಿಎಲ್’ ಎಂಬ ಮುಕ್ತ ತಂತ್ರಾಂಶವನ್ನು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟ 2020ರ ಅಕ್ಟೋಬರ್‌ನಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಿಂದ ತೆಗೆಸಿತು. ನೋಟಿಸ್‌ನಲ್ಲಿ ಅವರು ಬೊಟ್ಟು ಮಾಡಿ ತೋರಿಸಿದ ಅಂಶಗಳಲ್ಲಿ ಒಂದು, ಪರೀಕ್ಷೆಗೆಂದು ಡೆವಲಪರ್‌ಗಳು ಕೋಡ್‌ನಲ್ಲೇ ಬರೆದಿಟ್ಟ ಪ್ರಸಿದ್ಧ ಗಾಯಕರ ವಿಡಿಯೊಗಳ ಕೊಂಡಿಗಳು. ಆ ಕೊಂಡಿಗಳನ್ನು ಬದಲಿಸಿದ ಮೇಲೆ, ನಾಗರಿಕ ಹಕ್ಕುಗಳ ಸಂಘಟನೆಯೊಂದರ ವಕೀಲರ ವಾದ ಒಪ್ಪಿ, ನವೆಂಬರ್‌ನಲ್ಲಿ ಗಿಟ್‌ಹಬ್ ಅದನ್ನು ಮರಳಿಸಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2023ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನ್ಯಾಯಾಲಯ, ಅದೇ ಯೋಜನೆಯ ಜಾಲತಾಣಕ್ಕೆ ಜಾಗ ಕೊಟ್ಟಿದ್ದ ಕಂಪನಿಯ ವಿರುದ್ಧ ತೀರ್ಪಿತ್ತಿತು. ಒಂದೇ ಕೋಡ್, ಒಂದು ದೇಶದಲ್ಲಿ ಮಾನ್ಯ, ಇನ್ನೊಂದರಲ್ಲಿ ಅಮಾನ್ಯ. ಆ್ಯಪ್ ಸ್ಟೋರ್‌ನಲ್ಲಿ ‘ಎಲ್ಲ ದೇಶಗಳು’ ಎಂಬ ಗುಂಡಿ ಒತ್ತುವಾಗ ಇದು ಯಾರ ನೆನಪಿಗೂ ಬರುವುದಿಲ್ಲ.

ಭಾರತಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಆ್ಯಪ್’ ಎಂಬ ಶಬ್ದ ಹುಡುಕಿದರೆ ಸಿಗುವುದಿಲ್ಲ. ಅದರ ಅಗತ್ಯವೂ ಕಾಯ್ದೆಗಿಲ್ಲ. ಕೃತಿಯನ್ನು ಜನರು ನೋಡಲು, ಕೇಳಲು ದೊರೆಯುವಂತೆ ಮಾಡುವ ಯಾವುದೇ ವಿಧಾನವೂ ‘ಸಾರ್ವಜನಿಕರಿಗೆ ತಲುಪಿಸುವುದು’ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ. ಯಾರಾದರೂ ನಿಜವಾಗಿ ನೋಡಿದರೇ ಎಂಬುದು ಮುಖ್ಯವಲ್ಲ. 51ನೇ ಸೆಕ್ಷನ್ ಪ್ರಕಾರ ಲಾಭಕ್ಕಾಗಿ ಜಾಗ ಒದಗಿಸಿದವನೂ ಉಲ್ಲಂಘಕನೇ; ಉಲ್ಲಂಘನೆಯ ಅರಿವು ತನಗಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಪಾರು. 63ನೇ ಸೆಕ್ಷನ್ ಗೊತ್ತಿದ್ದೂ ಉಲ್ಲಂಘಿಸುವವನ ಜೊತೆಗೆ ಕುಮ್ಮಕ್ಕು ಕೊಡುವವನನ್ನೂ ಸೇರಿಸುತ್ತದೆ. ಆರು ತಿಂಗಳಿನಿಂದ ಮೂರು ವರ್ಷ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ನ್ಯಾಯಾಲಯ ಕನಿಷ್ಠ ಶಿಕ್ಷೆಯನ್ನು ಇಳಿಸಬಹುದು. ಪರದೆಯ ಕೆಳಗೆ ಮಿನುಗುವ ಸಣ್ಣ ಜಾಹೀರಾತು ಪಟ್ಟಿ ಈ ವಿನಾಯಿತಿಯನ್ನೇ ಅಪಾಯಕ್ಕೆ ಒಡ್ಡುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬರುವ ಆ ಜಾಹೀರಾತು ಅಷ್ಟು ಬಾಳುತ್ತದೆಯೇ ಎಂದು ಲೆಕ್ಕ ಹಾಕುವುದು ಒಳ್ಳೆಯದು.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಟ್ ಪ್ರೊ ಪ್ರಕರಣದಲ್ಲಿ ಈ ಅಪರಾಧ ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು, ಜಾಮೀನುರಹಿತವಾದದ್ದು ಎಂದು ಸ್ಪಷ್ಟಪಡಿಸಿತು. ಅಲ್ಲಿಯವರೆಗೆ ಹೈಕೋರ್ಟುಗಳು ಬೇರೆ ಬೇರೆ ಹೇಳುತ್ತಿದ್ದವು. ತೀರ್ಪಿನ ಕಾನೂನು ತರ್ಕ ಸರಿಯಿರಬಹುದು. ಆದರೆ ಪರಿಣಾಮ ಎಲ್ಲರ ಮೇಲೂ ಒಂದೇ ಆಗಿಲ್ಲ. ದೊಡ್ಡ ಕಂಪನಿಗೆ ಎಫ್‌ಐಆರ್ ಎಂದರೆ ಕಾನೂನು ವಿಭಾಗದ ಇನ್ನೊಂದು ಕಡತ. ಮನೆಯಿಂದಲೇ ಕೆಲಸ ಮಾಡುವ ಒಂಟಿ ಡೆವಲಪರ್‌ಗೆ ಅದು ಲ್ಯಾಪ್‌ಟಾಪ್ ಜಪ್ತಿ, ಬೇರೆ ರಾಜ್ಯದ ಠಾಣೆಗೆ ಅಲೆದಾಟ. ಸಿವಿಲ್ ದಾವೆಯಲ್ಲೂ 62ನೇ ಸೆಕ್ಷನ್ ಹಕ್ಕುದಾರನಿಗೆ ತಾನು ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡುವ ಅವಕಾಶ ಕೊಟ್ಟಿದೆ. ಹುಬ್ಬಳ್ಳಿಯಲ್ಲಿ ಬರೆದ ಆ್ಯಪ್‌ಗೆ ದಿಲ್ಲಿಯಲ್ಲಿ ಉತ್ತರ ಕೊಡಬೇಕಾಗಬಹುದು.

ದಿಲ್ಲಿಯ ಹೆಸರು ಸುಮ್ಮನೆ ಎತ್ತಿದ್ದಲ್ಲ. ಆನ್‌ಲೈನ್ ಪೈರಸಿ ಕುರಿತ ನಮ್ಮ ಮುಖ್ಯ ಆದೇಶಗಳಲ್ಲಿ ಹೆಚ್ಚಿನವು ಅಲ್ಲಿನ ಹೈಕೋರ್ಟ್‌ನವು. 2019ರ ಯುಟಿವಿ ಪ್ರಕರಣದಲ್ಲಿ ಅದು ಯಾವ ತಾಣ ‘ಪುಂಡ ತಾಣ’ ಎಂದು ಗುರುತಿಸುವ ಲಕ್ಷಣಗಳನ್ನು ಪಟ್ಟಿ ಮಾಡಿತು. ನಡೆಸುವವನ ಗುರುತು ಮರೆಮಾಚಿದೆಯೇ, ನೋಟಿಸ್ ಕೊಟ್ಟಾಗ ಮೌನವಾಗಿದ್ದಾನೆಯೇ, ಕೃತಿಗಳ ಸೂಚಿ, ವರ್ಗೀಕರಣ ಮಾಡಿಟ್ಟಿದ್ದಾನೆಯೇ, ತಡೆಯನ್ನು ದಾಟುವ ಉಪಾಯ ಹೇಳಿಕೊಡುತ್ತಾನೆಯೇ ಇತ್ಯಾದಿ. ತಾಣಗಳಿಗಾಗಿ ಬರೆದ ಈ ಲಕ್ಷಣಗಳನ್ನು ಆ್ಯಪ್ ಬರೆಯುವವರು ತಮ್ಮದೇ ಪುಟದ ಪಕ್ಕ ಇಟ್ಟು ಓದಬೇಕು. ‘ತೆರೆಯದಿದ್ದರೆ ವಿಪಿಎನ್ ಬಳಸಿ’ ಎಂಬ ಒಂದು ಸಾಲು, ಟೆಲಿಗ್ರಾಂ ಗುಂಪಿನಲ್ಲಿ ‘ಹೊಸ ಲಿಂಕ್ ಇಲ್ಲಿದೆ’ ಎಂಬ ಇನ್ನೊಂದು ಸಾಲು ಈ ಪಟ್ಟಿಯಲ್ಲಿ ಎಲ್ಲಿ ಕೂರುತ್ತವೆ ಎಂಬುದು ಆಗ ಗೊತ್ತಾಗುತ್ತದೆ. ಟೆಲಿಗ್ರಾಂ ಹಿಂದೆ ಅಡಗುವುದೂ ಸುಲಭವಲ್ಲ. 2022ರ ಆಗಸ್ಟ್‌ನಲ್ಲಿ ಅದೇ ಹೈಕೋರ್ಟ್, ಪಾಠದ ವಿಡಿಯೊ ಮತ್ತು ಪುಸ್ತಕಗಳನ್ನು ಹಂಚುತ್ತಿದ್ದ ಚಾನೆಲ್‌ಗಳ ನಿರ್ವಾಹಕರ ವಿವರ ಒದಗಿಸುವಂತೆ ಟೆಲಿಗ್ರಾಂಗೆ ಆದೇಶಿಸಿತ್ತು.

ಇನ್ನು ‘ದೂರು ಬಂದಾಗ ತೆಗೆದರಾಯಿತು’ ಎಂಬ ನಂಬಿಕೆ. ಇದಕ್ಕೆ ಆಧಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗೆ ಕೊಡುವ ರಕ್ಷಣೆ, ಮತ್ತು 2016ರ ಡಿಸೆಂಬರ್‌ನಲ್ಲಿ ಮೈಸ್ಪೇಸ್ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಕೊಟ್ಟ ತೀರ್ಪು. ಯಾವ ಕೃತಿ, ಎಲ್ಲಿದೆ ಎಂದು ನಿರ್ದಿಷ್ಟವಾಗಿ ತಿಳಿಸಿದ ಮೇಲೂ ತೆಗೆಯದಿದ್ದರೆ ಮಾತ್ರ ಹೊಣೆ. ಬಳಕೆದಾರ ಏರಿಸಿದ ವಿಡಿಯೊದ ರೂಪವನ್ನು ಯಂತ್ರ ತಾನಾಗಿ ಬದಲಿಸಿದ ಮಾತ್ರಕ್ಕೆ ಅಲ್ಲ ಎಂದಿತು ಅದು. ಒಳ್ಳೆಯ ತೀರ್ಪು. ಆದರೆ ಅದು ಬಳಕೆದಾರರು ತಾವೇ ವಿಡಿಯೊ ಏರಿಸುವ ವೇದಿಕೆಗೆ ಸಲ್ಲುವ ಮಾತು. ‘ಈ ವಾರದ ಹೊಸ ಕನ್ನಡ ಚಿತ್ರಗಳು’ ಎಂದು ಡೆವಲಪರ್ ತಾನೇ ಆರಿಸಿ, ಪೋಸ್ಟರ್ ಹಾಕಿ, ಮುಖಪುಟದಲ್ಲಿ ಜೋಡಿಸಿದರೆ ಅವನು ಮಧ್ಯವರ್ತಿಯಾಗಿ ಉಳಿಯುವುದಿಲ್ಲ, ಪ್ರಕಾಶಕನಾಗುತ್ತಾನೆ. ಆಮೇಲೆ ತೆಗೆದರೂ ಅಲ್ಲಿಯವರೆಗಿನ ಪ್ರಸಾರಕ್ಕೆ ಉತ್ತರ ಹೇಳಬೇಕಾಗುತ್ತದೆ.

ಪ್ಲಗಿನ್ ಹೊರಗಿಟ್ಟರೆ ಸಾಕೇ? ಬಹಳ ಜನ ಮುಕ್ತ ತಂತ್ರಾಂಶದವರು ಹಿಡಿದಿರುವ ದಾರಿ ಇದು: ಆ್ಯಪ್ ಖಾಲಿ, ಮೂಲಗಳನ್ನು ಬೇರೆಯವರು ಬರೆಯುತ್ತಾರೆ, ಬಳಕೆದಾರ ಸೇರಿಸಿಕೊಳ್ಳುತ್ತಾನೆ. ಕಾನೂನಿನಲ್ಲಿ ಇದು ನಿಜಕ್ಕೂ ಉತ್ತಮ ಸ್ಥಾನ. ಆದರೆ ಆ್ಯಪ್ ಬರೆಯುವ ತಂಡವೇ ಪ್ಲಗಿನ್‌ಗಳ ಭಂಡಾರವನ್ನೂ ನಡೆಸಿದರೆ ನಡುವಿನ ಗೋಡೆ ಕಾಗದದ್ದು. ವಿಡಿಯೊ ಅಲ್ಲದಿದ್ದರೂ ಹತ್ತಿರದ ಉದಾಹರಣೆ, ಕಾಮಿಕ್ಸ್ ಓದುವ ‘ಟಾಚಿಯೋಮಿ’ ಆ್ಯಪ್. ಕೊರಿಯಾದ ಕಕಾವ್ ಸಂಸ್ಥೆಯ ಕಾನೂನು ಕ್ರಮದ ಎಚ್ಚರಿಕೆ ಬಂದಾಗ ತಂಡ ಮೊದಲು ತನ್ನ ವಿಸ್ತರಣೆಗಳನ್ನು ತೆಗೆಯಿತು. 2024ರ ಜನವರಿಯಲ್ಲಿ ಅಭಿವೃದ್ಧಿಯನ್ನೇ ನಿಲ್ಲಿಸಿತು. ನ್ಯಾಯಾಲಯ ಏನು ಹೇಳುತ್ತಿತ್ತೋ ಯಾರಿಗೂ ತಿಳಿಯಲಿಲ್ಲ. ಸ್ವಯಂಸೇವಕರಿಗೆ ಆ ಪ್ರಶ್ನೆ ಕೇಳುವ ವೆಚ್ಚವೇ ಭರಿಸಲಾಗದ್ದು.

ಯೂಟ್ಯೂಬ್ ವಿಡಿಯೊಗಳನ್ನು ತೋರಿಸುವ ಆ್ಯಪ್‌ಗಳ ಕಥೆ ಸ್ವಲ್ಪ ಬೇರೆ. ಅಧಿಕೃತ ಪ್ಲೇಯರ್ ಅನ್ನು ಅಡಕಗೊಳಿಸಿದರೆ ವಿಡಿಯೊ ಯೂಟ್ಯೂಬ್‌ನಿಂದಲೇ ಹರಿಯುತ್ತದೆ, ಹಕ್ಕುದಾರನಿಗೆ ಎಣಿಕೆಯೂ ಹಣವೂ ಸಿಗುತ್ತವೆ, ಬೇಡವೆಂದರೆ ಅಡಕಗೊಳಿಸುವ ಅನುಮತಿಯನ್ನು ಅವನೇ ಹಿಂದಕ್ಕೆ ಪಡೆಯಬಹುದು. ಇಲ್ಲಿ ಕೃತಿಸ್ವಾಮ್ಯಕ್ಕಿಂತ ಮೊದಲು ಎದುರಾಗುವುದು ಯೂಟ್ಯೂಬ್‌ನ ಷರತ್ತುಗಳು. ಪ್ಲೇಯರ್ ಕನಿಷ್ಠ 200 × 200 ಪಿಕ್ಸೆಲ್ ಇರಬೇಕು; ಧ್ವನಿಯನ್ನು ದೃಶ್ಯದಿಂದ ಬೇರ್ಪಡಿಸುವಂತಿಲ್ಲ; ಪರದೆ ಆರಿದ ಮೇಲೆ ಹಿನ್ನೆಲೆಯಲ್ಲಿ ನುಡಿಸುವಂತಿಲ್ಲ; ಇಳಿಸಿಕೊಳ್ಳುವ ಗುಂಡಿ ಕೊಡುವಂತಿಲ್ಲ. ಭಕ್ತಿಗೀತೆಗಳ ಆ್ಯಪ್‌ಗಳಲ್ಲಿ ಮುರಿಯುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಷರತ್ತು, ಏಕೆಂದರೆ ಬೆಳಿಗ್ಗೆ ಸುಪ್ರಭಾತ ಕೇಳುವವರಿಗೆ ಪರದೆ ನೋಡುವ ಅಗತ್ಯವೇ ಇಲ್ಲ. ಇದನ್ನೆಲ್ಲ ಮುರಿದು ಜನಪ್ರಿಯವಾಗಿದ್ದ ‘ಯೂಟ್ಯೂಬ್ ವಾನ್ಸ್ಡ್’ ಎಂಬ ಅನಧಿಕೃತ ಆ್ಯಪ್ 2022ರ ಮಾರ್ಚ್‌ನಲ್ಲಿ ಗೂಗಲ್‌ನ ಕಾನೂನು ನೋಟಿಸ್‌ನೊಂದಿಗೆ ಮುಗಿಯಿತು. ಇನ್ನೊಂದು ಎಚ್ಚರ ಬೇಕು. ಯೂಟ್ಯೂಬ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಏರಿಸಿದವನಿಗೆ ಹಕ್ಕಿದೆ ಎಂದಾಗುವುದಿಲ್ಲ. ಯಾರೋ ಕದ್ದು ಏರಿಸಿದ ಪೂರ್ಣ ಚಿತ್ರವನ್ನು ಆರಿಸಿ ತೋರಿಸಿದರೆ ‘ಅರಿವಿರಲಿಲ್ಲ’ ಎನ್ನುವುದು ಕಷ್ಟ, ಅದರಲ್ಲೂ ಚಾನೆಲ್‌ನ ಹೆಸರೇ ಕಥೆ ಹೇಳುತ್ತಿದ್ದರೆ.

ಲೈವ್ ಟಿವಿ ಆ್ಯಪ್‌ಗಳಲ್ಲಿ ಕೇಳಿಬರುವ ಸಮಜಾಯಿಷಿ ಹೀಗಿರುತ್ತದೆ: ‘ದೂರದರ್ಶನ ಚಂದನ ಉಚಿತ ವಾಹಿನಿ, ಅದನ್ನು ತೋರಿಸಿದರೆ ಯಾರಿಗೆ ನಷ್ಟ?’ ನೋಡುವುದು ಉಚಿತ, ಮರುಪ್ರಸಾರ ಉಚಿತವಲ್ಲ. ಕೃತಿಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರತಿಯೊಂದು ಪ್ರಸಾರ ಸಂಸ್ಥೆಗೂ 25 ವರ್ಷಗಳ ಪ್ರಸಾರ ಹಕ್ಕು ಕೊಡುತ್ತದೆ, ಸರ್ಕಾರಿ ಸಂಸ್ಥೆಯೂ ಅದರಲ್ಲಿ ಸೇರುತ್ತದೆ. ಕ್ರಿಕೆಟ್ ಬಂದರಂತೂ ಇನ್ನೂ ಬಿಗಿ. 2007ರ ಕಾಯ್ದೆಯಡಿ ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕಾದ ಪಂದ್ಯಗಳು ದೂರದರ್ಶನದ ಭೂ ಪ್ರಸಾರ ಮತ್ತು ಅದರ ಡಿಟಿಎಚ್‌ಗೆ ಮಾತ್ರ ಸೀಮಿತ, ಖಾಸಗಿ ಕೇಬಲ್‌ನವರಿಗೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೇಬಲ್ ಕಂಪನಿಗೇ ಇಲ್ಲದ ಅವಕಾಶ ಆ್ಯಪ್‌ಗೆ ಎಲ್ಲಿಂದ ಬರಬೇಕು? ಪಂದ್ಯದ ಹಕ್ಕಿಗೆ ಸಾವಿರಾರು ಕೋಟಿ ಸುರಿದವರು ಪಂದ್ಯ ನಡೆಯುತ್ತಿರುವಾಗಲೇ ಕೊಂಡಿ ಕತ್ತರಿಸಬೇಕೆಂದು ಕೇಳುತ್ತಾರೆ. 2023ರ ವಿಶ್ವಕಪ್‌ಗೆ ಮುನ್ನ ದಿಲ್ಲಿ ಹೈಕೋರ್ಟ್ ಅಂಥ ಆದೇಶ ಕೊಟ್ಟೂ ಇತ್ತು.

ಟೆಲಿಕಾಂ ಕಂಪನಿಯೊಂದರ ಟಿವಿ ಆ್ಯಪ್‌ನ ಟೋಕನ್ (ಒಳಗೆ ಬಿಡುವ ಗುಪ್ತ ಸಂಕೇತ) ಎತ್ತಿ, ತನ್ನ ಪ್ಲೇಯರ್‌ನಲ್ಲಿ ಹರಿಸುವ ಚತುರರೂ ಇದ್ದಾರೆ. ತಾಂತ್ರಿಕವಾಗಿ ಮೆಚ್ಚಬಹುದಾದ ಕೆಲಸ, ಕಾನೂನಿನಲ್ಲಿ ಅತಿ ಕೆಟ್ಟ ಜಾಗ. ಬೀಗ ಮುರಿಯುವುದಕ್ಕೆಂದೇ 65ಎ ಸೆಕ್ಷನ್ ಇದೆ, ಎರಡು ವರ್ಷಗಳವರೆಗೆ ಸೆರೆವಾಸ. ಅನುಮತಿಯಿಲ್ಲದ ಪ್ರವೇಶಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66 ಬೇರೆ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮಾಡಬಾರದು.

ನಿಜವಾಗಿ ಸಂಕಟಕರವಾದದ್ದು ಪ್ರಾಮಾಣಿಕರ ಪಾಡು. ಹಳೆಯ ಕನ್ನಡ ಚಿತ್ರಗಳಿಗೆ ಕಾನೂನುಬದ್ಧವಾಗಿಯೇ ಒಂದು ಆ್ಯಪ್ ಮಾಡೋಣ ಎಂದು ಗಾಂಧಿನಗರದ ಮೆಟ್ಟಿಲು ಹತ್ತುವವರಿದ್ದಾರೆ. ಹಣ ಕೊಡುತ್ತಾರೆ, ‘ಎಲ್ಲ ಹಕ್ಕೂ ನಿಮ್ಮದೇ’ ಎಂಬ ಕಾಗದ ಪಡೆಯುತ್ತಾರೆ. ಆ ಕಾಗದದಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದನ್ನು ನೋಡಬೇಕು. 19ನೇ ಸೆಕ್ಷನ್ ಪ್ರಕಾರ ಹಸ್ತಾಂತರ ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಕ್ಕು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದಲ್ಲಿ ಅದೂ ಕೈಬಿಟ್ಟುಹೋಗುತ್ತದೆ. ಕನ್ನಡದ ಚಿತ್ರಕ್ಕೆ ಹಣ ಕೊಟ್ಟು ಚಂದಾದಾರರಾಗುವವರಲ್ಲಿ ಅಮೆರಿಕ, ಕೊಲ್ಲಿ ದೇಶಗಳಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಪ್ರದೇಶದ ಬಗ್ಗೆ ಮೌನವಾಗಿರುವ ಕಾಗದ ಇಟ್ಟುಕೊಂಡು ದುಬೈನ ವೀಕ್ಷಕನಿಗೆ ಚಿತ್ರ ತೋರಿಸಿದರೆ, ಹಣ ಕೊಟ್ಟು ಪಡೆದ ಹಕ್ಕಿನಾಚೆಗೆ ಕಾಲಿಟ್ಟಂತೆ.

ಇನ್ನೂ ಒಂದು ಪದರ ಇದೆ. ಎಪ್ಪತ್ತು, ಎಂಬತ್ತರ ದಶಕದ ಒಪ್ಪಂದಗಳಲ್ಲಿ ಇಂಟರ್ನೆಟ್ ಇರಲು ಸಾಧ್ಯವಿಲ್ಲ. ನಿರ್ಮಾಪಕರು ಆಗ ಮಾರಿದ್ದು ಪ್ರದರ್ಶನದ ಹಕ್ಕು, ಅನಂತರ ವಿಡಿಯೊ ಹಕ್ಕು, ಆಮೇಲೆ ಸ್ಯಾಟಲೈಟ್ ಹಕ್ಕು; ‘ನೆಗೆಟಿವ್ ಹಕ್ಕು’ ಎಂಬ ಹೆಸರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕೊಟ್ಟವರೂ ಉಂಟು. 2012ರ ತಿದ್ದುಪಡಿ, ಒಪ್ಪಂದದ ಕಾಲಕ್ಕೆ ಬಳಕೆಯಲ್ಲಿ ಇಲ್ಲದ ಮಾಧ್ಯಮಕ್ಕೆ ಅದನ್ನು ಹೆಸರಿಸದ ಹೊರತು ಹಸ್ತಾಂತರ ಅನ್ವಯಿಸುವುದಿಲ್ಲ ಎಂದಿತು. ಹಳೆಯ ಪತ್ರಗಳಿಗೆ ಇದು ಎಷ್ಟು ಸಲ್ಲುತ್ತದೆ ಎಂಬುದು ವಕೀಲರು ಕಾದಾಡುವ ವಿಷಯ. ಹೀಗಾಗಿ ಒಂದೇ ಚಿತ್ರದ ಡಿಜಿಟಲ್ ಹಕ್ಕು ತನ್ನದೆನ್ನುವವರು ಇಬ್ಬರು ಮೂವರು ಹುಟ್ಟಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರಿಗೆ ಹಣ ಕೊಟ್ಟ ಡೆವಲಪರ್‌ಗೆ ಇನ್ನೊಬ್ಬರಿಂದ ನೋಟಿಸ್ ಬರುತ್ತದೆ.

ಅವಧಿ ಮುಗಿದ ಚಿತ್ರಗಳನ್ನಾದರೂ ನಿಶ್ಚಿಂತೆಯಿಂದ ಹಾಕಬಹುದೇ? ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1965ರಲ್ಲಿ ತೆರೆಕಂಡ ಚಿತ್ರದ್ದು 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆದರೆ ಕಥೆ, ಗೀತೆ, ಸಂಗೀತದ ಲೆಕ್ಕ ಬೇರೆ; ಅದು ಕರ್ತೃ ತೀರಿಕೊಂಡ ಮೇಲಿನ 60 ವರ್ಷ. ನಮ್ಮ ಎಷ್ಟೋ ಚಿತ್ರಗಳು ಕಾದಂಬರಿಗಳಿಂದ ಹುಟ್ಟಿದವು. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು, ಅವರ ಕೃತಿಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು. ತ.ರಾ.ಸು. ನಿಧನರಾದದ್ದು 1984ರಲ್ಲಿ, ಅವರ ಕಾದಂಬರಿಗಳ ಹಕ್ಕು 2044ರವರೆಗೆ ಉಳಿಯುತ್ತದೆ. ಚಿತ್ರ ಮುಕ್ತವಾದ ಮೇಲೂ ಅದರ ಬೆನ್ನಿಗಿರುವ ಕಥೆ ಮುಕ್ತವಾಗಿರಬೇಕೆಂದಿಲ್ಲ. ಜೊತೆಗೆ ಆ ಪ್ರತಿ ಎಲ್ಲಿಂದ ಬಂತು ಎಂಬ ಪ್ರಶ್ನೆ: ವಾಹಿನಿಯೊಂದರ ಲಾಂಛನ ಮೂಲೆಯಲ್ಲಿ ಇರುವ ಪ್ರತಿ ಹಾಕಿದರೆ ಆ ಪ್ರಸಾರದ ಹಕ್ಕು ಮತ್ತೆ ಎದುರಾಗುತ್ತದೆ.

ಹಾಡಿನ ವಿಷಯದಲ್ಲಿ ಕರ್ನಾಟಕದ್ದೇ ಗಟ್ಟಿ ಉದಾಹರಣೆ ಇದೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಸಂಗೀತ ಕಂಪನಿ ಎಂಆರ್‌ಟಿ ಮ್ಯೂಸಿಕ್, ‘ಕೆಜಿಎಫ್ ಚಾಪ್ಟರ್ 2’ರ ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ಬಳಸಲಾಗಿದೆ ಎಂದು ಯಶವಂತಪುರ ಠಾಣೆಯಲ್ಲಿ ದೂರು ಕೊಟ್ಟಿತು. ನಗರದ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್‌ನ ಟ್ವಿಟರ್ ಖಾತೆಗಳನ್ನು ತಡೆಹಿಡಿಯಲು ಆದೇಶಿಸಿತು. ವಿಡಿಯೊ ತೆಗೆಯುವ ಷರತ್ತಿನ ಮೇಲೆ ಹೈಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿತಾದರೂ, 2023ರ ಜೂನ್‌ನಲ್ಲಿ ಎಫ್‌ಐಆರ್ ರದ್ದುಪಡಿಸಲು ಒಪ್ಪಲಿಲ್ಲ. ರಾಷ್ಟ್ರೀಯ ಪಕ್ಷವೊಂದು ಸಣ್ಣ ವಿಡಿಯೊಗಾಗಿ ಇಷ್ಟು ಓಡಾಡಬೇಕಾಯಿತು ಎಂದರೆ, ಕಿರು ವಿಡಿಯೊ ಆ್ಯಪ್ ಮಾಡುವವರು ಹಾಡಿನ ಹಕ್ಕನ್ನು ಹಗುರವಾಗಿ ನೋಡುವಂತಿಲ್ಲ. ‘30 ಸೆಕೆಂಡಿನೊಳಗೆ ಇದ್ದರೆ ತೊಂದರೆಯಿಲ್ಲ’ ಎಂಬ ಮಾತು ಎಲ್ಲಿಂದ ಹುಟ್ಟಿತೋ, ಕಾಯ್ದೆಯಲ್ಲಂತೂ ಅಂಥ ಸೆಕೆಂಡಿನ ಲೆಕ್ಕವಿಲ್ಲ.

ಯಕ್ಷಗಾನ ಜನಪದ ಕಲೆ, ಅದಕ್ಕೆ ಯಾರ ಹಕ್ಕು ಎನ್ನುವವರಿಗೆ 2009ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಶಿವರಾಮ ಕಾರಂತರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದೆಂಬ ವ್ಯಾಜ್ಯ ಅದು. ನ್ಯಾಯಾಲಯ ಮಣಿಪಾಲದ ಶಿಕ್ಷಣ ಸಂಸ್ಥೆಯ ಎದುರು, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರ ಪರ ನಿಂತಿತು. ಪ್ರಸಂಗದ ಕಥೆ ಪುರಾಣದ್ದಿರಬಹುದು. ರಂಗರೂಪ ಒಬ್ಬರದು, ಭಾಗವತರ ಮತ್ತು ವೇಷಧಾರಿಗಳ ಪ್ರದರ್ಶಕ ಹಕ್ಕು 50 ವರ್ಷ, ಬಯಲಿನಲ್ಲಿ ಕ್ಯಾಮೆರಾ ಹಿಡಿದವನ ಚಿತ್ರೀಕರಣದ ಹಕ್ಕು ಇನ್ನೊಂದು. ಮೇಳದ ಯಜಮಾನರ ಬಾಯಿಮಾತಿನ ಒಪ್ಪಿಗೆ ಇವೆಲ್ಲವನ್ನೂ ಹೊತ್ತು ತರುವುದಿಲ್ಲ.

ಸಣ್ಣ ಪುಟ್ಟ ಸಂಗತಿಗಳು ಇನ್ನೂ ಕೆಲವು. ಪೋಸ್ಟರ್‌ಗಳಿಗೂ ಕೃತಿಸ್ವಾಮ್ಯ ಇದೆ. ವಾಹಿನಿಯ ಲಾಂಛನ ಬಳಸಿದರೆ ಟ್ರೇಡ್‌ಮಾರ್ಕ್ ಪ್ರಶ್ನೆ ಏಳುತ್ತದೆ. ಅನ್ಯರ ಚಿತ್ರಕ್ಕೆ ನೀವೇ ಬರೆದ ಕನ್ನಡ ಅಡಿಬರಹವೂ ಕಾನೂನಿನ ಕಣ್ಣಿನಲ್ಲಿ ಅನುವಾದ. ನಿಮ್ಮ ಪ್ಲೇಯರ್‌ನೊಳಗೆ ಬೇರೆಯವರ ಮುಕ್ತ ತಂತ್ರಾಂಶ ಇದ್ದರೆ ಅದರ ಪರವಾನಗಿಯೂ ಕೃತಿಸ್ವಾಮ್ಯವೇ. ಪರವಾನಗಿ ಮತ್ತು ಸ್ಟೋರ್‌ನ ನಿಯಮಗಳು ಹೊಂದದೆ 2011ರಲ್ಲಿ ವಿಎಲ್‌ಸಿ ಪ್ಲೇಯರ್ ಆ್ಯಪಲ್ ಸ್ಟೋರ್‌ನಿಂದ ಹೊರಬಿದ್ದಿತ್ತು.

ದೂರು ಬಂದೇಬಿಟ್ಟರೆ? ಎರಡು ಗಡಿಯಾರಗಳು ಒಟ್ಟಿಗೆ ಓಡತೊಡಗುತ್ತವೆ. ನಮ್ಮ 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ ದೂರು ತಲುಪಿದ 36 ಗಂಟೆಗಳಲ್ಲಿ ಮಧ್ಯವರ್ತಿ ತಡೆ ಹಾಕಬೇಕು. ದೂರು ಕೊಟ್ಟವರು 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತರದಿದ್ದರೆ ಮರಳಿ ತೆರೆಯಬಹುದು. ಪ್ಲೇ ಸ್ಟೋರ್ ಮಾತ್ರ ಬಹುಪಾಲು ಅಮೆರಿಕದ ಕಾಯ್ದೆಯ ಪ್ರಕಾರ ನಡೆಯುತ್ತದೆ. ಅಲ್ಲಿ ದೂರು ತಪ್ಪೆಂದು ಹೇಳುವ ಪ್ರತಿ-ನೋಟಿಸ್ ಕೊಟ್ಟ ನಂತರ 10ರಿಂದ 14 ಕೆಲಸದ ದಿನಗಳೊಳಗೆ ಎದುರಾಳಿ ದಾವೆ ಹೂಡದಿದ್ದರೆ ಆ್ಯಪ್ ಮರಳುತ್ತದೆ. ಆದರೆ ಪ್ರತಿ-ನೋಟಿಸ್‌ನಲ್ಲಿ ನಿಮ್ಮ ಹೆಸರು, ವಿಳಾಸ ಕೊಡಬೇಕು, ಅದು ದೂರುದಾರರ ಕೈ ಸೇರುತ್ತದೆ. ಅಮೆರಿಕದ ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ಒಪ್ಪಿಗೆಯನ್ನೂ ಬರೆದುಕೊಡಬೇಕು. ನಿಜವಾಗಿ ತಪ್ಪಿಲ್ಲದವರು ಕೂಡ ಈ ಸಾಲು ಓದಿ ಹಿಂದೆ ಸರಿಯುತ್ತಾರೆ. ಹಾಗೆಂದು ಸುಮ್ಮನೆ ಕುಳಿತರೂ ಕಷ್ಟ. ಉಲ್ಲಂಘನೆಗಳು ಮರುಕಳಿಸಿದರೆ ಖಾತೆಯೇ ಹೋಗುತ್ತದೆ, ಅದಕ್ಕೆ ಸಂಬಂಧಿಸಿದವೆಂದು ಗೂಗಲ್ ಭಾವಿಸುವ ಇತರ ಖಾತೆಗಳೂ ಹೋಗುತ್ತವೆ. ಪತ್ನಿಯ ಅಥವಾ ಗೆಳೆಯನ ಹೆಸರಿನಲ್ಲಿ ಹೊಸ ಖಾತೆ ತೆರೆಯುವ ಉಪಾಯ ಬಹಳ ದಿನ ಬಾಳುವುದಿಲ್ಲ.

ನಮ್ಮ ಕಾಯ್ದೆಯಲ್ಲಿ ಯಾರೂ ಹೆಚ್ಚು ಬಳಸದ ಒಂದು ಅಸ್ತ್ರ ಇದೆ. 60ನೇ ಸೆಕ್ಷನ್ ಪ್ರಕಾರ ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ಡೆವಲಪರ್ ತಾನೇ ನ್ಯಾಯಾಲಯಕ್ಕೆ ಹೋಗಿ, ಉಲ್ಲಂಘನೆಯಾಗಿಲ್ಲ ಎಂಬ ಘೋಷಣೆ, ಬೆದರಿಕೆಗೆ ತಡೆ, ನಷ್ಟ ಪರಿಹಾರ ಕೇಳಬಹುದು. ಬೆದರಿಸಿದವರು ತಾವೇ ಕೂಡಲೇ ದಾವೆ ಹೂಡಿದರೆ ಈ ದಾರಿ ಮುಚ್ಚುತ್ತದೆ. ಡೌನ್‌ಲೋಡರ್‌ನಂಥ ಪ್ರಕರಣಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಇದನ್ನು ಬಳಸಬೇಕಾದರೆ ಕಡತ ಶುದ್ಧವಿರಬೇಕು: ವಿವರಣೆಯ ಹಳೆಯ ಆವೃತ್ತಿಗಳು, ಪರವಾನಗಿ ಪತ್ರಗಳು, ಬಂದ ದೂರುಗಳಿಗೆ ಕೊಟ್ಟ ಉತ್ತರಗಳು ದಿನಾಂಕದೊಂದಿಗೆ ಇರಬೇಕು.

ಕೊನೆಯದಾಗಿ, ಗುತ್ತಿಗೆಯಲ್ಲಿ ಆ್ಯಪ್ ಬರೆದುಕೊಡುವವರ ಪಾಡು. ‘ಒಟಿಟಿ ಆ್ಯಪ್ ಬೇಕು, ಕಂಟೆಂಟ್ ನಾವು ನೋಡಿಕೊಳ್ಳುತ್ತೇವೆ’ ಎಂದು ಗಿರಾಕಿ ಹೇಳುತ್ತಾನೆ, ಬೇಗ ಆಗಲಿ ಎಂದು ಡೆವಲಪರ್‌ನ ಖಾತೆಯಿಂದಲೇ ಪ್ರಕಟಿಸಲು ಕೇಳುತ್ತಾನೆ. ಪ್ರಕಟಿಸಿದವನ ಹೆಸರೇ ಸ್ಟೋರ್‌ನ ಪುಟದಲ್ಲಿ ಕಾಣುವುದು, ಮೊದಲ ನೋಟಿಸ್ ಬರುವುದೂ ಅವನಿಗೇ. ಗಿರಾಕಿಯ ಖಾತೆಯಿಂದಲೇ ಪ್ರಕಟವಾಗಲಿ. ಹಕ್ಕಿನ ಪತ್ರಗಳ ಪ್ರತಿಯನ್ನು ಕೆಲಸ ಆರಂಭಿಸುವ ಮೊದಲೇ ಕೇಳಿ ಪಡೆಯಬೇಕು. ಮೂರನೆಯವರ ದಾವೆಯಿಂದಾಗುವ ನಷ್ಟವನ್ನು ಗಿರಾಕಿಯೇ ತುಂಬಿಕೊಡತಕ್ಕದ್ದು ಎಂಬ ಷರತ್ತು ಒಪ್ಪಂದದಲ್ಲಿ ಇರಬೇಕು. ಸಿವಿಲ್ ದಾವೆಯಲ್ಲಿ ಆ ಷರತ್ತು ಕೈಹಿಡಿದೀತು. 63ನೇ ಸೆಕ್ಷನ್‌ನ ‘ಗೊತ್ತಿದ್ದೂ’ ಎಂಬ ಮಾತಿನ ಎದುರು ಅದು ಕೆಲಸಕ್ಕೆ ಬರುವುದಿಲ್ಲ. ಗಿರಾಕಿ ಕಳಿಸಿದ ಪ್ಲೇಲಿಸ್ಟ್ ತೆರೆದು ನೋಡಿದ ಡೆವಲಪರ್‌ಗೆ ಅದರಲ್ಲಿ ಏನಿತ್ತೆಂದು ಗೊತ್ತಿತ್ತು ಎಂಬುದನ್ನು ಅವರಿಬ್ಬರ ವಾಟ್ಸ್ಆ್ಯಪ್ ಸಂದೇಶಗಳೇ ಹೇಳುತ್ತವೆ.